ಪುಸ್ತಕ ಕೊಯ್ದು ಗೋಡೆ ಸಿಂಗರಿಸುವವರು

ನಿನ್ನೆ ಮುಂಬಯಿಯ ಫೋರ್ಟಿನ ಹಳೆ ಪುಸ್ತಕದ ಅಂಗಡಿಯೊಂದರಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್‌ನ ಪ್ರವಾಸ ಕಥನದ ಬಿಡಿ ಸಂಪುಟವೊಂದನ್ನು ಬಿಡಿಸಿ ನೋಡಿದಾಗಿನಿಂದ ನನ್ನ ಸಿಟ್ಟು ಇಳಿದಿಲ್ಲ. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಹೊರಟು ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿದ ಈತನ ಬರಹ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ನಮ್ಮ ಸೀಮೆಯ ನೇಗಿಲು, ಗಾಣ, ಬೆಳೆಗಳನ್ನು ಅಷ್ಟು ಶ್ರದ್ಧೆಯಿಂದ ದಾಖಲಿಸಿದ ಪುಸ್ತಕದ ಚಿತ್ರಪಟಗಳನ್ನೆಲ್ಲ ಯಾರೋ ಬ್ಲೇಡಿನಿಂದ ಕೊಯ್ದು ತೆಗೆದಿದ್ದರು. ಹೊಲಿಗೆಯ ಪಕ್ಕದಲ್ಲಿ ಕಾಗದದ ಕಿರಿದಾದ ಅಂಚೊಂದು ಉಳಿದಿತ್ತು. ಎದುರು ಪುಟದಲ್ಲಿ, ಎರಡು ಶತಮಾನ ಒತ್ತಿಕೊಂಡಿದ್ದ ಚಿತ್ರದ ಶಾಯಿ ಮೂಡಿಸಿದ ಕಂದು ಕಲೆ. ಚಿತ್ರಗಳು ಎಲ್ಲಿ ಹೋದವೆಂದು ಕೇಳುವ ಅಗತ್ಯವೇ ಇರಲಿಲ್ಲ, ಗೋಡೆಯ ತುಂಬ ಚಿನ್ನದ ಬಣ್ಣದ ಚೌಕಟ್ಟುಗಳು ತೂಗುತ್ತಿದ್ದವು.

ನಾನು ಅಚ್ಚುಮನೆಯಲ್ಲಿ ಅಕ್ಷರದ ಮೊಳೆ ಜೋಡಿಸಿ ಅನ್ನ ಉಂಡವನೆಂಬುದು ನಿಮಗೆಲ್ಲ ಗೊತ್ತೇ ಇದೆ. ಹಾಗಾಗಿ ಅಂಗಡಿಯ ಮಾಲೀಕರು ಹೇಳಿದ ಸಮಾಧಾನ ನನ್ನ ಬಳಿ ನಡೆಯಲಿಲ್ಲ. ತಾಮ್ರದ ಫಲಕದಲ್ಲಿ ಕೊರೆದು ಅಚ್ಚು ಹಾಕಿದ ಚಿತ್ರಗಳು ಹೇಗೂ ಬೇರೆ ಕಾಗದದ ಮೇಲೆ, ಬೇರೆ ಯಂತ್ರದಲ್ಲಿ ಅಚ್ಚಾಗಿ ಆಮೇಲೆ ಸೇರಿಸಿದವು, ತೆಗೆದರೆ ಪಠ್ಯಕ್ಕೇನೂ ನಷ್ಟವಿಲ್ಲ ಎಂದರು. ಮೊದಲರ್ಧ ನಿಜ. ಆದರೆ ಆ ಕಾಲದ ಅನೇಕ ಪುಸ್ತಕಗಳಲ್ಲಿ ಯಾವ ಚಿತ್ರ ಯಾವ ಪುಟದ ಎದುರಿಗೆ ಬರಬೇಕೆಂದು ಬೈಂಡರನಿಗೆ ಪಟ್ಟಿ ಮಾಡಿ ಅಚ್ಚು ಹಾಕಿರುತ್ತಿದ್ದುದು ಯಾರ ಮನರಂಜನೆಗೆ? ಗಾಣದ ವರ್ಣನೆ ಇಲ್ಲಿ, ಗಾಣದ ಚಿತ್ರ ಇನ್ನಾರದೋ ಬಾಂದ್ರಾದ ಫ್ಲ್ಯಾಟಿನಲ್ಲಿ, ಸೋಫಾದ ಬಣ್ಣಕ್ಕೆ ಹೊಂದುತ್ತದೆಂಬ ಕಾರಣಕ್ಕೆ!

ಇದೇ ಮಹಾಶಯರು ಗಾಜಿನ ಕಪಾಟಿನಲ್ಲಿಟ್ಟ ಕೆಲ್ಮ್‌ಸ್ಕಾಟ್ ಪ್ರೆಸ್ಸಿನ, ಇಂಗ್ಲಿಷ್ ಕವಿ ಚಾಸರನ ಸಂಪುಟದ ಮರುಮುದ್ರಣವನ್ನು ತೋರಿಸಿ, 1896ರಲ್ಲಿ ಆ ಪ್ರೆಸ್ಸಿನ ಸ್ಥಾಪಕ ವಿಲಿಯಂ ಮಾರಿಸ್ ಕಾಗದದ ಮೇಲೆ ಬರೀ 425 ಪ್ರತಿ ಅಚ್ಚು ಹಾಕಿದ್ದನ್ನೂ, ಅದರಲ್ಲಿ ಅಕ್ಷರ, ಚಿತ್ರ, ಅಂಚು ಒಂದಾಗಿರುವ ಸೊಗಸನ್ನೂ ಭಕ್ತಿಯಿಂದ ವಿವರಿಸಿದರು. ಭಕ್ತಿಯೆಲ್ಲ ಕಪಾಟಿಗೆ, ಬ್ಲೇಡು ಬುಕಾನನ್‌ಗೆ.

ಮೊದಲೇ ಪುಟ ಕಳೆದುಕೊಂಡ ಪುಸ್ತಕವನ್ನು ಬಿಡಿಸಿ ಮಾರಿದರೆ ತಪ್ಪೇನು ಎಂದು ನೀವು ಕೇಳಬಹುದು. ನ್ಯೂಯಾರ್ಕಿನ ಪುಸ್ತಕ ವ್ಯಾಪಾರಿ ಗೇಬ್ರಿಯಲ್ ವೆಲ್ಸ್ 1921ರಲ್ಲಿ, ಯುರೋಪಿನ ಮೊದಮೊದಲ ಅಚ್ಚಿನ ಪುಸ್ತಕಗಳಲ್ಲೊಂದಾದ ಗುಟೆನ್‌ಬರ್ಗ್ ಬೈಬಲ್ಲಿನ ಅಪೂರ್ಣ ಪ್ರತಿಯೊಂದನ್ನು ಬಿಡಿ ಹಾಳೆಗಳಾಗಿ ಮಾರಿದ್ದುಂಟು. ಆದರೆ ಅವನು ಹಾಳೆಯ ಜೊತೆಗೆ ಅದು ಎಲ್ಲಿಂದ ಬಂತೆಂಬ ಪ್ರಬಂಧವನ್ನೂ ಸೇರಿಸಿ ಕೊಟ್ಟ. ಇಲ್ಲಿನ ಚೌಕಟ್ಟಿನ ಹಿಂದೆ ಪುಸ್ತಕದ ಹೆಸರೂ ಇಲ್ಲ, ಬೆಲೆಯ ಚೀಟಿ ಮಾತ್ರ ಇದೆ. ಇನ್ನು, ಮೂರು ಸಂಪುಟ ಒಟ್ಟಿಗೆ ಕೊಳ್ಳುವ ಗಿರಾಕಿ ಸಿಗುವುದಿಲ್ಲ ಎಂಬ ವಾದ. ಸಿಗುವುದಿಲ್ಲ, ಸರಿ, ಹಾಗೆಂದು ಕೊಯ್ಯುವ ಅಧಿಕಾರ ಯಾರು ಕೊಟ್ಟರು?

ಆ ಗಾಯಗೊಂಡ ಸಂಪುಟವನ್ನು ನಾನೇ ಕೊಂಡು ತಂದೆ. ಮನೆಯಲ್ಲಿ ಬೈಗುಳ ತಿಂದದ್ದೂ ಆಯಿತು. ಮುಂಬಯಿಯ ಕನ್ನಡ ಮಿತ್ರರೇ, ಮುಂದಿನ ಸಲ ಹಳೆಯ ಮೈಸೂರಿನ ಚಿತ್ರವೆಂದು ಯಾರಾದರೂ ಚೌಕಟ್ಟು ಹಿಡಿದು ಬಂದರೆ, ಇದನ್ನು ಯಾವ ಪುಸ್ತಕದ ಯಾವ ಪುಟದ ಎದುರಿನಿಂದ ಕೊಯ್ದಿರಿ ಎಂದು ಎಲ್ಲರ ಮುಂದೆ, ಸ್ವಲ್ಪ ಜೋರಾಗಿಯೇ ಕೇಳಿ.