ಸ್ವಲ್ಪ ಇಳೀಲಿ ತಡೀರಿ ಮೇಡಂ

ಮೊನ್ನೆ ಪಕ್ಕದ ಮನೆಯ ಹುಡುಗ ಕೆನಡಾಕ್ಕೆ ಅರ್ಜಿ ಹಾಕಿದ. ಸೋಫಾದ ಮೇಲೆ ಕಾಲು ಚಾಚಿಕೊಂಡು ಫೋನಿನಲ್ಲೇ ಫೀಸು ಕಟ್ಟಿದ. ಮಳೆಗೆ ಟವರ್ ಕೈಕೊಟ್ಟು ಓಟಿಪಿ ಬರುವುದು ಸ್ವಲ್ಪ ತಡವಾಯಿತು. ಮಹಡಿ ಮೇಲೆ ನಿಂತರೆ ಸಿಗುತ್ತೆ ಅಂತ ಮೇಲೆ ಓಡಿದ. ಅವನ ಅಮ್ಮ ಛತ್ರಿ ಹಿಡಿದುಕೊಂಡು ಹಿಂದೆಯೇ ಓಡಿದರು. ಕೆಳಗೆ ಬಂದವನು ತಲೆ ಒರೆಸಿಕೊಳ್ಳುತ್ತಾ, "ಈ ಫೀಸು ಕಟ್ಟೋದೇ ದೊಡ್ಡ ಹಿಂಸೆ ಆಂಟಿ" ಅಂದ.

ಹಿಂಸೆಯಂತೆ! ನನಗೆ ಮೈ ಉರಿದುಹೋಯಿತು. ಅವರ ಮನೆಯ ಕಾಫಿ ಕೈಯಲ್ಲಿ ಇಲ್ಲದಿದ್ದರೆ ಏನಾದರೂ ಅಂದೇಬಿಡುತ್ತಿದ್ದೆ.

2011ರಲ್ಲಿ ನಾವೂ ಕೆನಡಾಕ್ಕೆ ಅರ್ಜಿ ಹಾಕಿದವರೇ. ಆಗ ಅವರು ಕೆಲಸ ಬಲ್ಲವರನ್ನು ಕರೆಸಿಕೊಳ್ಳಲು 29 ಕಸುಬುಗಳ ಒಂದು ಪಟ್ಟಿ ಇಟ್ಟಿದ್ದರು. ವೈದ್ಯರು, ದಂತವೈದ್ಯರು, ನರ್ಸುಗಳು, ಅಡುಗೆಯವರು, ಪ್ಲಂಬರುಗಳು, ವೆಲ್ಡರುಗಳು, ಕ್ರೇನ್ ಓಡಿಸುವವರು, ಎಲ್ಲರೂ ಇದ್ದರು. ನನ್ನದು ಯಾವುದು ಅಂತ ಹೇಳುವುದಿಲ್ಲ. ಶಿವಮೊಗ್ಗ ಅಷ್ಟೇನೂ ದೊಡ್ಡ ಊರಲ್ಲ, ಹೇಳಿದರೆ ಯಾರು ಅಂತ ಗೊತ್ತಾಗಿಬಿಡುತ್ತೆ. ಕ್ರೇನ್ ಅಲ್ಲ, ಅಷ್ಟು ಮಾತ್ರ ಹೇಳಬಹುದು. ನಮ್ಮ ಯಜಮಾನರಿಗೆ ತೀರ್ಥಹಳ್ಳಿ ಕಡೆ ಸ್ವಲ್ಪ ಅಡಿಕೆ ತೋಟ ಇದೆ. ಅವರೂ ಪಟ್ಟಿಯನ್ನು ಆಸೆಯಿಂದ ಮೇಲಿನಿಂದ ಕೆಳಗೆ ಓದಿದರು. ಉತ್ಪಾದನೆ ನೋಡಿಕೊಳ್ಳುವ ಮ್ಯಾನೇಜರುಗಳು ಅಂತ ಒಂದಿತ್ತು. ಅದರ ಪಕ್ಕದಲ್ಲೇ "ಕೃಷಿ ಬಿಟ್ಟು" ಅಂತಲೂ ಇತ್ತು. ಪಾಪ, ಅವತ್ತಿಡೀ ಮಾತಾಡಲಿಲ್ಲ.

ಇನ್ನೊಂದು ಷರತ್ತಿತ್ತು. ಆ ಜುಲೈ 1ರಿಂದ ಮುಂದಿನ ಜೂನ್‌ವರೆಗೆ ಒಂದೊಂದು ಕಸುಬಿನಿಂದ 500 ಅರ್ಜಿ ಮಾತ್ರ, ಎಲ್ಲ ಸೇರಿ 10,000. ಇಡೀ ಪ್ರಪಂಚಕ್ಕೆ ಸೇರಿ ಅಷ್ಟೇ. ಮೊದಲು ತಲುಪಿದವರಿಗೆ ಮೊದಲ ಜಾಗ. ಅಂದರೆ ಬೇಗ ಕಳಿಸಬೇಕು. ಇಂಗ್ಲಿಷ್ ಪರೀಕ್ಷೆ ಮುಗಿದಿತ್ತು, ಸರ್ಟಿಫಿಕೇಟುಗಳೆಲ್ಲ ತಯಾರಿದ್ದವು. ಬಾಕಿ ಇದ್ದದ್ದು ಫೀಸು. ತಲಾ 550 ಕೆನಡಾ ಡಾಲರ್, ಇಬ್ಬರಿಗೆ 1,100. ಕ್ರೆಡಿಟ್ ಕಾರ್ಡಿನಲ್ಲೂ ಕಟ್ಟಬಹುದಿತ್ತು. ಆದರೆ ನಮ್ಮ ಮನೆಯಲ್ಲಿ ಆಗ ಇದ್ದದ್ದು ರೇಷನ್ ಕಾರ್ಡು ಮಾತ್ರ. ಹಾಗಾಗಿ ಕೆನಡಾ ಡಾಲರಿನಲ್ಲೇ ಬ್ಯಾಂಕ್ ಡ್ರಾಫ್ಟ್ ತೆಗೆಸಬೇಕಾಯಿತು.

ಯಜಮಾನರ ಊರಿನ ಕಡೆಯ ಒಬ್ಬರು ನನ್ನ ಖಾತೆ ಇದ್ದ ಬ್ಯಾಂಕಿನಲ್ಲಿ ಅಧಿಕಾರಿಯಾಗಿದ್ದರು. "ಗುರುತಿನವರಿದ್ದಾರೆ, ಬೇಗ ಆಗುತ್ತೆ" ಅಂತ ಅಲ್ಲಿಗೇ ಹೋದೆವು. ನನ್ನ ಕೇಳಿದರೆ, ಮಲೆನಾಡಿನಲ್ಲಿ ಕೆಲಸ ಬೇಗ ಆಗಬೇಕಾದರೆ ಗುರುತೇ ಇಲ್ಲದವರ ಹತ್ತಿರ ಹೋಗಬೇಕು.

ಸಾಹೇಬರು ಒಳ್ಳೆಯವರು. ಕೂರಿಸಿದರು, ಟೀ ತರಿಸಿದರು. ವಿದೇಶಿ ಡ್ರಾಫ್ಟ್ ನಮ್ಮ ಶಾಖೆಯಲ್ಲಿ ಆಗಲ್ಲ, ಬೆಂಗಳೂರಿಗೆ ಕಳಿಸಿ ಮಾಡಿಸಬೇಕು ಅಂದರು. ಎ2 ಅನ್ನೋ ಫಾರಂ ಕೊಟ್ಟರು. ವಿದೇಶಕ್ಕೆ ದುಡ್ಡು ಯಾಕೆ ಹೋಗುತ್ತಿದೆ ಅಂತ ಅದರಲ್ಲಿ ರಿಸರ್ವ್ ಬ್ಯಾಂಕಿಗೆ ಲೆಕ್ಕ ಒಪ್ಪಿಸಬೇಕು. ಹಣ ಪಡೆಯುವವರು ಅನ್ನುವಲ್ಲಿ "ರಿಸೀವರ್ ಜನರಲ್ ಫಾರ್ ಕೆನಡಾ" ಅಂತ ಬರೆದೆ. ಅಲ್ಲಿನ ಕೇಂದ್ರ ಸರ್ಕಾರಕ್ಕೆ ಹೋಗುವ ಹಣವೆಲ್ಲ ಆ ಹೆಸರಿಗೇ ಹೋಗುವುದು. ಪಕ್ಕದ ಟೇಬಲ್ಲಿನ ಗುಮಾಸ್ತರು ಬಗ್ಗಿ ನೋಡಿ, "ಜನರಲ್ಲಾ? ಮಿಲಿಟರಿಯವರಾ? ನಿಮಗೆ ಏನಾಗಬೇಕು?" ಅಂತ ಕೇಳಿದರು. ಏನೂ ಆಗಬೇಕಾಗಿಲ್ಲ, ಡ್ರಾಫ್ಟ್ ಒಂದು ಆದರೆ ಸಾಕು ಅಂದೆ.

ಫಾರಂ ತುಂಬಿ, ಸಹಿ ಹಾಕಿ ಕೊಟ್ಟೆ. ಸಾಹೇಬರು ಅದನ್ನು ಕೈಗೆ ತೆಗೆದುಕೊಂಡು, ಕಂಪ್ಯೂಟರ್ ನೋಡಿ, ತುಟಿ ಒತ್ತಿಕೊಂಡು, ಯಜಮಾನರ ಕಡೆ ತಿರುಗಿದರು. ನನ್ನ ಕಡೆ ಅಲ್ಲ. ಅರ್ಜಿ ನನ್ನದು, ಖಾತೆ ನನ್ನದು, ಸಂಬಳದ ದುಡ್ಡೂ ನನ್ನದು. ಆದರೂ ದುಡ್ಡಿನ ಮಾತು ಅವರಿಬ್ಬರದು.

"ಕೆನಡಾ ಡಾಲರ್ ಇವತ್ತು 47 ರೂಪಾಯಿ ಹತ್ತಿರ ಇದೆ ರಾಯರೇ. ಜಾಸ್ತಿ ಆಯ್ತು. ಎರಡು ದಿನ ತಡೀರಿ, ಇಳಿಯುತ್ತೆ."

ಯಜಮಾನರು ಗಂಭೀರವಾಗಿ ತಲೆಯಾಡಿಸಿದರು. ಅಡಿಕೆ ಬೆಳೆಯುವವರಿಗೆ "ತಡೀರಿ" ಅಂದರೆ ಸಾಕು, ಮುಂದೆ ಏನೂ ಹೇಳಬೇಕಾಗಿಲ್ಲ. ರಾಶಿ ಇಡಿ ಅನ್ನುವ ಅಡಿಕೆಯನ್ನು ಮೂಟೆ ಕಟ್ಟಿ ಅಟ್ಟದ ಮೇಲೆ ಇಟ್ಟು, ಮಂಡಿಯ ರೇಟು ಏರುವುದನ್ನು ಕಾಯುತ್ತಾ ಅರ್ಧ ಆಯಸ್ಸು ಕಳೆದವರು ಅವರು. ಸಾಹೇಬರೂ ಅಡಿಕೆ ಮನೆಯವರೇ. ಡಾಲರನ್ನೂ ಅದೇ ಲೆಕ್ಕದಲ್ಲಿ ನೋಡುತ್ತಿದ್ದರು. ಇಲ್ಲಿ ಮಾರುವುದಲ್ಲ, ಕೊಳ್ಳುವುದು ಅಂತ ಮಾತ್ರ ವ್ಯತ್ಯಾಸ. ಫಾರಂ ಡ್ರಾಯರಿನೊಳಗೆ ಹೋಯಿತು.

ಎರಡು ದಿನ ಬಿಟ್ಟು ಹೋದೆವು. ಇಳಿದಿರಲಿಲ್ಲ. "ಅಮೆರಿಕದ್ದೇನೋ ಗಲಾಟೆ, ಅದು ಮುಗೀಲಿ" ಅಂದರು. ಆಗಸ್ಟ್ ಕೊನೆ ಬಂತು. ರೇಟು ಇನ್ನೊಂದಿಷ್ಟು ಮೇಲೆ ಹೋಯಿತು. "ಈಗ ಮಾಡಿಸಿದರೆ ಸುಮ್ನೆ ಲಾಸ್" ಅಂದರು. ಗಣಪತಿ ಹಬ್ಬ ಬಂತು. "ಹಬ್ಬದ ಮೇಲೆ ನೋಡೋಣ" ಅಂದರು. ಗಣಪತಿಗೂ ಕೆನಡಾ ಡಾಲರಿಗೂ ಏನು ಸಂಬಂಧ ಅಂತ ನಾನು ಕೇಳಿದೆ. ಇಬ್ಬರೂ ನನ್ನನ್ನು ಒಂದೇ ಥರ ನೋಡಿದರು. ಆ ವರ್ಷ ರೂಪಾಯಿ ಆಗಸ್ಟಿನಲ್ಲಿ ಬೀಳಲು ಶುರು ಮಾಡಿದ್ದು ಡಿಸೆಂಬರ್‌ವರೆಗೂ ಬೀಳುತ್ತಲೇ ಇತ್ತು. ಬೇಕಾದರೆ ಹಳೇ ಪೇಪರ್ ತೆಗೆದು ನೋಡಿ. ಬೀಳುತ್ತಿರುವ ರೂಪಾಯಿಯನ್ನು ಶಿವಮೊಗ್ಗದಲ್ಲಿ ಕೂತು ಎತ್ತಿ ನಿಲ್ಲಿಸಲು ಹೊರಟಿದ್ದವರು ಇವರಿಬ್ಬರೇ ಇರಬೇಕು.

"ನಮಗೆ ರೇಟು ಬೇಡ ಸಾರ್, ಡ್ರಾಫ್ಟ್ ಬೇಕು. ಅಲ್ಲಿ ಕೋಟಾ ತುಂಬ್ತಾ ಇದೆ" ಅಂತ ಒಂದು ಸಲ ನೇರವಾಗಿಯೇ ಹೇಳಿದೆ. ಅವರಿಗೆ ಬೇಜಾರಾಯಿತು. "ನನಗೇನು ಲಾಭ ಮೇಡಂ? ನಮ್ಮವರ ದುಡ್ಡು ಹಾಳಾಗಬಾರದು ಅಂತ ಅಷ್ಟೇ" ಅಂದರು. ಇದಕ್ಕೆ ಏನು ಹೇಳುತ್ತೀರಿ? ಲಂಚ ಕೇಳಿದರೆ ಜಗಳ ಆಡಬಹುದು. ಪ್ರೀತಿ ಮಾಡುವವರ ಜೊತೆ ಹೇಗೆ ಆಡುವುದು? ಮತ್ತೆ ಟೀ ಬಂತು. ಕುಡಿದು ಎದ್ದು ಬಂದೆವು.

ಮನೆಗೆ ಬಂದಾಗಲೆಲ್ಲ ಅತ್ತೆ ಬಾಗಿಲಲ್ಲೇ ಕೇಳುತ್ತಿದ್ದರು, "ಆಯ್ತೇನೇ?" ಇಲ್ಲ ಅಂದರೆ ಮುಂದೆ ಏನೂ ಕೇಳುತ್ತಿರಲಿಲ್ಲ. ಯಾಕೆ ಅಂತಲೂ ಇಲ್ಲ. ಒಳಗೆ ಹೋಗಿ ಕಡುಬಿಗೆ ಅಕ್ಕಿ ನೆನೆಹಾಕುತ್ತಿದ್ದರು. ಹೋಗಬೇಡಿ ಅಂತ ಅವರು ಒಂದು ದಿನವೂ ಹೇಳಿದವರಲ್ಲ. ಅಲ್ಲಿ ಆರು ತಿಂಗಳು ಹಿಮ ಅಂತ ಯಾರೋ ಹೇಳಿದ್ದನ್ನು ಕೇಳಿ, ನನ್ನ ಅಳತೆಯ ಉಲ್ಲನ್ ಶಾಲು ತರಿಸಿ ಕಪಾಟಿನಲ್ಲಿ ಇಟ್ಟಿದ್ದರು. ಆದರೆ ನಾನು ಇಲ್ಲ ಅಂದ ಸಂಜೆಗಳಲ್ಲಿ ಅಡುಗೆಮನೆಯಿಂದ ಅವರ ಗುನುಗು ಕೇಳಿಸುತ್ತಿತ್ತು. ಆಗ ನನಗೆ ಬ್ಯಾಂಕಿನ ಮೇಲಿದ್ದ ಸಿಟ್ಟು ಎಲ್ಲಿಗೆ ಹೋಗುತ್ತಿತ್ತೋ ಗೊತ್ತಿಲ್ಲ. ಬೆಳಿಗ್ಗೆ ಮತ್ತೆ ವಾಪಸ್ ಬರುತ್ತಿತ್ತು ಬಿಡಿ.

ಅಕ್ಟೋಬರಿನಲ್ಲಿ ಸಾಹೇಬರು ರಜೆ ಹಾಕಿ ತಮ್ಮ ತೋಟದ ಕೊಯ್ಲಿಗೆ ಹೋದರು. ಅವರ ಜಾಗಕ್ಕೆ ಹೊಸದಾಗಿ ಬಂದಿದ್ದ ಹುಡುಗಿಯೊಬ್ಬಳು ಕೂತಿದ್ದಳು. ಫಾರಂ ನೋಡಿದಳು, ಸೀಲ್ ಒತ್ತಿದಳು, ಬೆಂಗಳೂರಿಗೆ ಕಳಿಸಿದಳು. ಡ್ರಾಫ್ಟ್ ಕೈಗೆ ಬಂತು. ಟೀ ಕೊಡಲಿಲ್ಲ, ಯಾವ ಊರು ಅಂತಲೂ ಕೇಳಲಿಲ್ಲ. ಅವಳು ಎಲ್ಲೇ ಇದ್ದರೂ ಚೆನ್ನಾಗಿರಲಿ. ಸುಮಾರು 49ರ ರೇಟಿನಲ್ಲಿ ಲೆಕ್ಕ ಹಾಕಿದ್ದರು. ಜುಲೈಗೆ ಹೋಲಿಸಿದರೆ ಎರಡು ಸಾವಿರ ಚಿಲ್ಲರೆ ಜಾಸ್ತಿ. ಸಾಹೇಬರು ನಮಗೆ ಉಳಿಸಿಕೊಟ್ಟದ್ದು ಅಷ್ಟು.

ಇನ್ನು ಕೊರಿಯರ್. ಅರ್ಜಿ ಹೋಗಬೇಕಾಗಿದ್ದದ್ದು ಕೆನಡಾದ ನೋವಾ ಸ್ಕೋಷಿಯಾ ಪ್ರಾಂತ್ಯದ ಸಿಡ್ನಿ ಅನ್ನುವ ಊರಿಗೆ. ಕೌಂಟರಿನ ಹುಡುಗ ಕವರ್ ನೋಡಿ, "ಸಿಡ್ನಿ ಇರೋದು ಆಸ್ಟ್ರೇಲಿಯಾದಲ್ಲಿ ಮೇಡಂ, ನೀವು ದೇಶ ತಪ್ಪು ಬರೆದಿದ್ದೀರಿ" ಅಂದ. ಕೆನಡಾದಲ್ಲೂ ಒಂದಿದೆ ಅಂದೆ. ನಂಬಲಿಲ್ಲ. ಕ್ರಿಕೆಟ್ ನೋಡಲ್ವಾ ಅಂತ ಕೇಳಿದ. ಯಜಮಾನರು ಮೆತ್ತಗೆ, "ಅವನು ಹೇಳೋದು ಸರಿ ಇರಬಹುದೇನೋ" ಅಂದರು. ಆ ಹೊತ್ತಿನಲ್ಲಿ ನನ್ನ ಮುಖ ಹೇಗಿತ್ತೋ ಏನೋ, ಹುಡುಗ ಮರುಮಾತಾಡದೆ ಕೆನಡಾ ಅಂತಲೇ ರಸೀದಿ ಬರೆದ.

ಕವರ್ ಸರಿಯಾದ ಸಿಡ್ನಿಗೇ ಹೋಯಿತು. ಡಿಸೆಂಬರಿನಲ್ಲಿ ಸರಿಯಾಗಿ ವಾಪಸ್ಸೂ ಬಂತು. ನನ್ನ ಕಸುಬಿನ ಕೋಟಾ ತುಂಬಿ ಹೋಗಿತ್ತು. ಎಲ್ಲ ಕಾಗದಗಳ ಜೊತೆ ಡ್ರಾಫ್ಟನ್ನೂ ಒಂದು ಮಡಿಕೆ ಬೀಳದ ಹಾಗೆ ಕಳಿಸಿಕೊಟ್ಟಿದ್ದರು. ನಮಗಿಂತ ಮೊದಲು ನಮ್ಮ ದುಡ್ಡು ಕೆನಡಾ ನೋಡಿಕೊಂಡು ಬಂದಿತ್ತು.

ರದ್ದು ಮಾಡಿಸಲು ಅದನ್ನು ಹಿಡಿದು ಮತ್ತೆ ಬ್ಯಾಂಕಿಗೆ ಹೋದೆವು. ಸಾಹೇಬರು ರಜೆ ಮುಗಿಸಿ ಬಂದಿದ್ದರು. ವಿಷಯ ಕೇಳಿ ನಿಜವಾಗಿಯೂ ನೊಂದುಕೊಂಡರು. ಟೀ ತರಿಸಿದರು. ಆಮೇಲೆ ಕಂಪ್ಯೂಟರ್ ನೋಡಿದರು. ನಿಧಾನಕ್ಕೆ ಅವರ ಮುಖ ಅರಳಿತು.

"ರಾಯರೇ, 51 ದಾಟಿದೆ! ಕೊಂಡದ್ದು 49ಕ್ಕೆ ಅಲ್ವಾ? ಲಾಭ ಆಯ್ತಲ್ರೀ!"

ಜೀವನದಲ್ಲಿ ಮೊದಲ ಸಲ ಯಜಮಾನರ ಕೈಯಲ್ಲಿದ್ದ ಸರಕಿಗೆ ರೇಟು ಏರಿತ್ತು. ಅವರ ಕಣ್ಣಲ್ಲೂ ಹೊಳಪು ಬಂತು. ನಾನು ರದ್ದತಿ ಅರ್ಜಿಯನ್ನು ಮೇಜಿನ ಮೇಲೆ ಇಟ್ಟು, ಇವತ್ತೇ ಖಾತೆಗೆ ಹಾಕಿಬಿಡಿ ಅಂದೆ. ಸಾಹೇಬರು ಅರ್ಜಿ ಕೈಗೆ ತೆಗೆದುಕೊಂಡು, ಯಜಮಾನರ ಕಡೆ ತಿರುಗಿ, ತುಟಿ ಒತ್ತಿಕೊಂಡರು.

"ಈಗಲೇ ಕೊಡಬೇಡಿ. ಇನ್ನೂ ಏರುತ್ತೆ. ಸ್ವಲ್ಪ ದಿನ ಇಟ್ಕೊಳ್ಳಿ."

ಇಟ್ಟುಕೊಂಡೆವು. ಹೊಸ ವರ್ಷ ಬಂದದ್ದೇ ತಡ, ರೂಪಾಯಿ ಚೇತರಿಸಿಕೊಂಡಿತು. ಸಂಕ್ರಾಂತಿ ಕಳೆದ ಮೇಲೆ ಹೋದಾಗ ಕೊಂಡ ರೇಟೂ ಸಿಗಲಿಲ್ಲ, ಕಮಿಷನ್ ಬೇರೆ ಹಿಡಿದುಕೊಂಡರು. ಸಾಹೇಬರು ತಲೆ ಕೆರೆದುಕೊಂಡು, "ಛೇ, ಡಿಸೆಂಬರಲ್ಲೇ ಕೊಟ್ಟುಬಿಡಬೇಕಿತ್ತು ನೋಡಿ ಮೇಡಂ" ಅಂದರು. ಅಷ್ಟು ತಿಂಗಳಲ್ಲಿ ದುಡ್ಡಿನ ವಿಷಯವನ್ನು ಅವರು ನನ್ನ ಕಡೆ ತಿರುಗಿ ಹೇಳಿದ್ದು ಅದೊಂದೇ ಸಲ.