ದುಡ್ಡು ಕೊಡ್ತೀವಿ ಅಂದ್ರೂ ಮಾರಲ್ಲ ಅಂದ್ರೆ ಹೇಗೆ?

ವಿಂಡೋಸ್ ಬದಲು ಲಿನಕ್ಸ್ ಅನ್ನುವ ಉಚಿತ ಆಪರೇಟಿಂಗ್ ಸಿಸ್ಟಮ್ ಬಳಸುವವರು ಬಿಟ್ಟಿ ಗಿರಾಕಿಗಳು, ಜೇಬಿಗೆ ಕೈ ಹಾಕುವುದಿಲ್ಲ, ಅದಕ್ಕೇ ಯಾರೂ ಅವರಿಗೆ ಸಾಫ್ಟ್‌ವೇರ್ ಮಾರುವುದಿಲ್ಲ. ಈ ಮಾತು ನೀವೂ ಕೇಳಿರುತ್ತೀರಿ. ಚೆಸ್ ವಿಷಯ ಬಂದರಂತೂ ಇದೇ ಮೊದಲ ಉತ್ತರ. ನಾನು ಲಿನಕ್ಸ್ ಬಳಸುತ್ತೇನೆ, ಚೆಸ್ ಆಡುತ್ತೇನೆ, ಒಳ್ಳೆ ಸಾಫ್ಟ್‌ವೇರ್‌ಗೆ ದುಡ್ಡು ಕೊಡಲು ತಯಾರಿದ್ದೇನೆ. ಮಾರುವವರು ಬೇಕಲ್ಲ!

ಚೆಸ್‌ನಲ್ಲಿ ಸ್ವಲ್ಪ ಸೀರಿಯಸ್ ಆಗಿ ಇಳಿದವರಿಗೆಲ್ಲ ಚೆಸ್‌ಬೇಸ್ ಗೊತ್ತು. ಆಡಿದ ಆಟಗಳನ್ನು ಕೂಡಿಟ್ಟು ಹುಡುಕುವ ಪ್ರೋಗ್ರಾಂ, ಮಾಡುವುದು ಜರ್ಮನಿಯ ಹ್ಯಾಂಬರ್ಗ್‌ನ ಅದೇ ಹೆಸರಿನ ಕಂಪನಿ. 80ರ ದಶಕದ ಕೊನೆಯಲ್ಲಿ ಅಟಾರಿ ಕಂಪ್ಯೂಟರ್ ಮೇಲೆ ಶುರುವಾಗಿದ್ದು, ಇವತ್ತು ಗ್ರ್ಯಾಂಡ್‌ಮಾಸ್ಟರ್‌ಗಳ ತಯಾರಿ ನಡೆಯುವುದೇ ಅದರಲ್ಲಿ. ನಾಳೆ ಎದುರಿಗೆ ಕೂರುವವನು ಕಪ್ಪು ಕಾಯಿ ಸಿಕ್ಕಾಗ ಏನು ಆಡುತ್ತಾನೆ, ಈ ಓಪನಿಂಗ್‌ನ ಹನ್ನೆರಡನೇ ಮೂವ್‌ನಲ್ಲಿ ಇದುವರೆಗೆ ಯಾರು ಯಾರು ಏನೇನು ಮಾಡಿದ್ದಾರೆ, ಗೆದ್ದರಾ ಸೋತರಾ, ಎಲ್ಲ ಅಲ್ಲೇ ಸಿಗುತ್ತದೆ. ಅವರ ಮೆಗಾ ಡೇಟಾಬೇಸ್‌ನಲ್ಲಿ 1 ಕೋಟಿಗೂ ಹೆಚ್ಚು ಆಟಗಳಿವೆ. ಒಳ್ಳೆ ಕೆಲಸ, ಅದಕ್ಕೆ ಬೆಲೆ ಇಟ್ಟಿದ್ದಾರೆ, ತಪ್ಪೇನಿಲ್ಲ. ಆದರೆ ಈ ಪ್ರೋಗ್ರಾಂ ಬರುವುದು ವಿಂಡೋಸ್‌ಗೆ ಮಾತ್ರ. ಮ್ಯಾಕ್‌ಗೂ ಇಲ್ಲ. ಆಪಲ್ ಲ್ಯಾಪ್‌ಟಾಪ್ ಇಟ್ಟುಕೊಂಡವರು ಅದರೊಳಗೆ ಇನ್ನೊಂದು ವಿಂಡೋಸ್ ಕೂರಿಸಿಕೊಂಡು ಆಡುತ್ತಿದ್ದಾರೆ, ಪಾಪ.

ಈಗ ಇನ್ನೊಂದು ಕಡೆ ನೋಡಿ. ಆ ಪ್ರೋಗ್ರಾಂ ಒಳಗೆ ಕೂತು ನಿಜವಾಗಿ ಲೆಕ್ಕ ಹಾಕುವುದು ಎಂಜಿನ್. ಜಗತ್ತಿನ ಅತಿ ಬಲವಾದ ಎಂಜಿನ್ ಅಂದರೆ ಸ್ಟಾಕ್‌ಫಿಶ್. 2008ರಲ್ಲಿ ಗ್ಲೌರಂಗ್ ಅನ್ನುವ ಓಪನ್ ಸೋರ್ಸ್ (ಕೋಡ್ ಎಲ್ಲರಿಗೂ ತೆರೆದಿಟ್ಟ) ಎಂಜಿನ್‌ನಿಂದ ಕವಲೊಡೆದು ಬಂದದ್ದು, ಜಿಪಿಎಲ್ ಲೈಸೆನ್ಸ್, ಅಂದರೆ ಯಾರು ಬೇಕಾದರೂ ಕೋಡ್ ತೆಗೆದು ಓದಬಹುದು, ಬದಲಿಸಿ ಹಂಚಬಹುದು, ಹಂಚಿದರೆ ಪಡೆದವರಿಗೆ ಕೋಡೂ ಸಿಗಬೇಕು. ಅದರಲ್ಲಿ ಮಾಡುವ ಒಂದೊಂದು ಸಣ್ಣ ಬದಲಾವಣೆಯನ್ನೂ ಸ್ವಯಂಸೇವಕರು ತಮ್ಮ ತಮ್ಮ ಕಂಪ್ಯೂಟರ್‌ಗಳಲ್ಲಿ ಸಾವಿರಾರು ಆಟ ಆಡಿಸಿ ಪರೀಕ್ಷೆ ಮಾಡುತ್ತಾರೆ. 2013ರಿಂದ ಫಿಶ್‌ಟೆಸ್ಟ್ ಅನ್ನುವ ವ್ಯವಸ್ಥೆ ಇದಕ್ಕೆಂದೇ ನಡೆಯುತ್ತಿದೆ. ಕರೆಂಟ್ ಬಿಲ್ ಅವರದ್ದೇ. ಲಿನಕ್ಸ್ ಜನ ಜೇಬಿಗೆ ಕೈ ಹಾಕಲ್ಲ ಅಂದವರು ಯಾರು?

ಎಂಜಿನ್ ಬೇರೆ, ಬೋರ್ಡ್ ತೋರಿಸುವ ಪ್ರೋಗ್ರಾಂ ಬೇರೆ. ಇದು ಗೊತ್ತಾದರೆ ಅರ್ಧ ಜಗಳ ಮುಗಿಯುತ್ತದೆ. ಎಂಜಿನ್‌ಗೆ ಬೋರ್ಡೂ ಇಲ್ಲ, ಕಾಯಿಗಳೂ ಇಲ್ಲ. ಯುಸಿಐ ಅನ್ನುವ ಪ್ರೋಟೋಕಾಲ್ (ಪ್ರೋಗ್ರಾಂ ಮತ್ತು ಎಂಜಿನ್ ಮಾತಾಡಿಕೊಳ್ಳುವ ಕ್ರಮ) ಮೂಲಕ ಅದಕ್ಕೆ ಪೊಸಿಷನ್ ಕೊಟ್ಟು ಯೋಚನೆ ಮಾಡು ಅಂದರೆ, ಲೆಕ್ಕ ಹಾಕಿ ಒಳ್ಳೆಯ ಮೂವ್ ಇದು ಅಂತ ಒಂದು ಸಾಲು ಬರೆದು ಕೊಡುತ್ತದೆ. ಅಷ್ಟೇ. ಸರಳ ಪಠ್ಯ ಒಳಗೆ, ಸರಳ ಪಠ್ಯ ಹೊರಗೆ. ಹಾಗಾಗಿ ನಿಮ್ಮ ಪ್ರೋಗ್ರಾಂ ಕೋಡ್ ಮುಚ್ಚಿಟ್ಟು ಮಾರಿ, ಬಳಸುವವನು ತನಗೆ ಬೇಕಾದ ಓಪನ್ ಸೋರ್ಸ್ ಎಂಜಿನ್ ಅದಕ್ಕೆ ಜೋಡಿಸಿಕೊಳ್ಳುತ್ತಾನೆ, ಲೈಸೆನ್ಸ್ ತಕರಾರು ಬರುವುದಿಲ್ಲ. 2000ನೇ ಇಸವಿಯಲ್ಲಿ ಈ ಯುಸಿಐ ರೂಪಿಸಿದ ಇಬ್ಬರಲ್ಲಿ ಒಬ್ಬರು ಸ್ಟೆಫಾನ್ ಮೇಯರ್-ಕಾಹ್ಲೆನ್. ಶ್ರೆಡರ್ ಅನ್ನುವ ಪ್ರಸಿದ್ಧ ಎಂಜಿನ್ ಬರೆದವರು. ಓಪನ್ ಸೋರ್ಸ್ ಅಲ್ಲ, ಪಕ್ಕಾ ಕಮರ್ಷಿಯಲ್. ಆ ಶ್ರೆಡರ್ ಲಿನಕ್ಸ್‌ಗೂ ಬಂತು, ದುಡ್ಡಿಗೇ ಬಂತು. ಅಂದರೆ ಮಾಡಲು ಆಗುತ್ತದೆ. ಮನಸ್ಸಿದ್ದರೆ.

ದುಡ್ಡು ಅಂದ ತಕ್ಷಣ ಮುಖ ತಿರುಗಿಸುವವರು ನಮ್ಮ ಕಡೆಯೂ ಇದ್ದಾರೆ. ಅವರ ಹತ್ತಿರವೂ ನನ್ನದೊಂದು ಜಗಳ ಇದೆ. ಜಿಪಿಎಲ್ ಎಲ್ಲೂ ಮಾರಬೇಡ ಅಂತ ಹೇಳಿಲ್ಲ. 2021ರಲ್ಲಿ ಚೆಸ್‌ಬೇಸ್ ಫ್ಯಾಟ್ ಫ್ರಿಟ್ಜ್ 2 ಅಂತ ಒಂದು ಎಂಜಿನ್ ಬಿಟ್ಟಿತು, ಬೆಲೆ ಸುಮಾರು 100 ಯೂರೋ. ಒಳಗೆ ಪೊಸಿಷನ್ ತೂಗಿ ನೋಡುವ ನ್ಯೂರಲ್ ನೆಟ್‌ವರ್ಕ್ ಮಾತ್ರ ಬೇರೆಯದು, ಉಳಿದದ್ದು ಹೆಚ್ಚುಕಮ್ಮಿ ಸ್ಟಾಕ್‌ಫಿಶ್ಶೇ. ಸ್ಟಾಕ್‌ಫಿಶ್ ತಂಡದವರು ಅದೇ ವರ್ಷ ಜುಲೈನಲ್ಲಿ ಕೇಸ್ ಹಾಕಿದರು. ಯಾಕೆ ಮಾರಿದಿರಿ ಅಂತ ಅಲ್ಲ. ಇದು ಸ್ಟಾಕ್‌ಫಿಶ್‌ನಿಂದ ಬಂದದ್ದು, ಇದರ ಕೋಡ್ ಪಡೆಯುವ ಹಕ್ಕು ನಿಮಗಿದೆ ಅಂತ ಕೊಂಡವರಿಗೆ ಸರಿಯಾಗಿ ಹೇಳಲಿಲ್ಲ ಅಂತ. ಮ್ಯೂನಿಕ್ ಕೋರ್ಟಿನಲ್ಲಿ ವಿಚಾರಣೆ ಆಗಿ, 2022ರ ನವೆಂಬರ್‌ನಲ್ಲಿ ರಾಜಿ ಆಯಿತು. ಫ್ಯಾಟ್ ಫ್ರಿಟ್ಜ್ 2 ಮಾರಾಟ ನಿಂತಿತು, ಒಂದು ವರ್ಷ ಸ್ಟಾಕ್‌ಫಿಶ್ ಕೋಡ್ ಇರುವ ಯಾವುದನ್ನೂ ಹಂಚುವಂತಿಲ್ಲ ಅಂತಾಯಿತು, ಫ್ರೀ ಸಾಫ್ಟ್‌ವೇರ್ ನಿಯಮಗಳನ್ನು ನೋಡಿಕೊಳ್ಳಲು ಕಂಪನಿ ಒಬ್ಬರನ್ನು ನೇಮಿಸಲು ಒಪ್ಪಿತು. ಕಾನೂನು ಲೆಕ್ಕ ಅಲ್ಲಿಗೆ ಚುಕ್ತಾ. ಆದರೆ ನನಗೆ ಉಳಿದ ಪ್ರಶ್ನೆ ಬೇರೆ. ಲಿನಕ್ಸ್ ಲೋಕದ ಜನ ಬೆಳೆಸಿದ ಎಂಜಿನ್ ಬೇಕು, ಅದೇ ಲೋಕದ ಗಿರಾಕಿ ಮಾತ್ರ ಬೇಡ. ಇದು ಯಾವ ಸೀಮೆ ವ್ಯಾಪಾರ ಅಲ್ವಾ?

ನೆಪಗಳು ಗೊತ್ತು. ಡೆಸ್ಕ್‌ಟಾಪ್ ಲಿನಕ್ಸ್ ಜನ ಕಮ್ಮಿ. ಒಪ್ಪಿದೆ. ಮೂವತ್ತು ವರ್ಷದ ಹಳೇ ಕೋಡ್, ವಿಂಡೋಸ್‌ಗೆಂದೇ ಬರೆದದ್ದು, ಬಿಚ್ಚಿ ಕಟ್ಟುವುದು ಸುಲಭ ಅಲ್ಲ. ಇದನ್ನೂ ಒಪ್ಪುತ್ತೇನೆ, ನಾನೇ ಆ ಕಂಪನಿಯಲ್ಲಿದ್ದರೆ ನನಗೂ ತಲೆನೋವೇ. ಆದರೆ ಉಬುಂಟು, ಫೆಡೋರಾ, ಡೆಬಿಯನ್ ಅಂತ ನೂರಾರು ಬಗೆಯ ಲಿನಕ್ಸ್ ಇವೆ, ಯಾವುದಕ್ಕೆ ಮಾಡೋಣ ಅನ್ನುವ ಮಾತು ಈಗ ಹಳಸಿದೆ. ಫ್ಲ್ಯಾಟ್‌ಪ್ಯಾಕ್, ಆಪ್‌ಇಮೇಜ್ ಅನ್ನುವ ಪ್ಯಾಕಿಂಗ್ ವಿಧಾನಗಳು ಬಂದಿವೆ, ಒಂದು ಸಲ ಕಟ್ಟಿದರೆ ಹೆಚ್ಚುಕಮ್ಮಿ ಎಲ್ಲ ಕಡೆ ಓಡುತ್ತದೆ. ಗಣಿತ ಲೆಕ್ಕಾಚಾರದ ಮ್ಯಾಟ್‌ಲ್ಯಾಬ್ ಲಿನಕ್ಸ್‌ಗೆ ಮಾರುತ್ತಾರೆ, ಸಿನಿಮಾ ಎಡಿಟಿಂಗ್‌ನ ಡಾವಿಂಚಿ ರಿಸಾಲ್ವ್ ಸಿಗುತ್ತದೆ. ವಾಲ್ವ್ ಕಂಪನಿ 2018ರಲ್ಲಿ ಪ್ರೋಟಾನ್ ತಂದು ವಿಂಡೋಸ್ ಗೇಮ್‌ಗಳನ್ನು ಲಿನಕ್ಸ್ ಮೇಲೆ ಓಡಿಸಿತು, ಆಮೇಲೆ ಅದನ್ನೇ ನಂಬಿ ಸ್ಟೀಮ್ ಡೆಕ್ ಅಂತ ಒಂದು ಮೆಷೀನನ್ನೇ ಮಾರಿತು. ಪೂರ್ತಿ ಹೊಸದಾಗಿ ಬರೆಯಲು ಆಗದಿದ್ದರೆ ಬೇಡ, ವಿಂಡೋಸ್ ಪ್ರೋಗ್ರಾಂಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ವೈನ್ ಮೇಲೆ ಸರಿಯಾಗಿ ಓಡುತ್ತದಾ ಅಂತ ನೀವೇ ಪರೀಕ್ಷೆ ಮಾಡಿ, ಓಡುವ ಹಾಗೆ ಮಾಡಿ ಮಾರಿ. ಅದಕ್ಕೂ ದುಡ್ಡು ಕೊಡುವವರಿದ್ದಾರೆ.

ಹಾಗಾದರೆ ಇರುವ ಉಚಿತ ಪ್ರೋಗ್ರಾಂಗಳು ಸಾಲದಾ? ಸ್ಕಿಡ್ ಇದೆ, ಸ್ಕಿಡ್ ವರ್ಸಸ್ ಪಿಸಿ ಇದೆ, ಕ್ಯೂಟ್‌ಚೆಸ್, ಹೊಸದಾಗಿ ಎನ್ ಕ್ರೊಸಾಂಟ್. ಉಚಿತ ಚೆಸ್ ತಾಣ ಲಿಚೆಸ್ ಅಂತೂ ಇಡೀ ಆಟಗಳ ಡೇಟಾಬೇಸನ್ನೇ ಯಾರು ಬೇಕಾದರೂ ತೊಗೊಳ್ಳಿ ಅಂತ ತೆರೆದಿಟ್ಟಿದೆ. ಸುಮ್ನೆ ಆಡಿ ಕಲಿಯುವವರಿಗೆ ಇಷ್ಟು ಧಾರಾಳ ಸಾಕು. ಸ್ಕಿಡ್ ನೋಡಲು 90ರ ದಶಕದ ಬ್ಯಾಂಕ್ ಸಾಫ್ಟ್‌ವೇರ್ ತರ ಇದೆ, ಆದರೆ ಹುಡುಕಾಟ ಮಿಂಚಿನ ಹಾಗೆ. ಕೊರತೆ ಇರುವುದು ಪಳಗಿದ ಕೈಯ ಟಿಪ್ಪಣಿ ಇರುವ ಆಟಗಳು, ವಾರ ವಾರ ಶುದ್ಧ ಮಾಡಿ ಸೇರಿಸುವ ಹೊಸ ಆಟಗಳು, ಆಟಗಾರರ ಹೆಸರುಗಳನ್ನು ಒಂದೇ ರೀತಿ ಬರೆದಿಡುವ ಶಿಸ್ತು. ಇದು ಸಂಬಳ ಕೊಟ್ಟು ಮಾಡಿಸುವ ಕೆಲಸ. ಅದಕ್ಕೇ ಕಮರ್ಷಿಯಲ್ ಬೇಕು ಅನ್ನುವುದು.

ಎಲ್ಲಕ್ಕಿಂತ ಜಾಸ್ತಿ ಉರಿಸುವುದು ಫೈಲ್ ಫಾರ್ಮ್ಯಾಟ್. ಕೋಚ್ ಒಬ್ಬರು ತಮ್ಮ ವರ್ಷಗಳ ಕೆಲಸವನ್ನೆಲ್ಲ ಚೆಸ್‌ಬೇಸ್‌ನ ಸ್ವಂತ ಫಾರ್ಮ್ಯಾಟ್ ಸಿಬಿಹೆಚ್‌ನಲ್ಲಿ ಇಟ್ಟಿರುತ್ತಾರೆ. ಅದು ಒಂದು ಫೈಲ್ ಕೂಡ ಅಲ್ಲ, ಜೊತೆಗೆ ಸಿಬಿಜಿ, ಸಿಬಿಎ ಅಂತ ಒಂದು ಸಂಸಾರವೇ ಇರುತ್ತದೆ. ಒಳಗೆ ಏನಿದೆ ಅಂತ ಹೊರಗಿನವರು ಬೈಟ್ ಬೈಟ್ ನೋಡಿ ಊಹಿಸಬೇಕು, ಕೆಲವರು ಊಹಿಸಿ ಪರಿವರ್ತಕಗಳನ್ನೂ ಬರೆದಿದ್ದಾರೆ. ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನುಡಿ, ಶ್ರೀಲಿಪಿ ಕಾಲದಲ್ಲಿ ಟೈಪ್ ಮಾಡಿದ ಪುಸ್ತಕಗಳು ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಹೇಗೆ ಕಾಣುತ್ತವೆ ಅಂತ ನಾವು ಅನುಭವಿಸಿಲ್ವಾ, ಯುನಿಕೋಡ್‌ಗೆ ತಿರುಗಿಸಿ ಒತ್ತಕ್ಷರ ತಿದ್ದುತ್ತಾ ರಾತ್ರಿ ಕಳೆದವರು ಎಷ್ಟು ಜನ! ಪಿಜಿಎನ್ ಅಂತ ಎಲ್ಲರಿಗೂ ತೆರೆದ ಪಠ್ಯ ರೂಪ 90ರ ದಶಕದಿಂದಲೇ ಇದೆ, ಚೆಸ್‌ಬೇಸ್ ಅದಕ್ಕೆ ಬರೆದೂ ಕೊಡುತ್ತದೆ. ಆದರೆ ಹಾಗೆ ಬರೆಯಲೂ ಮೊದಲು ಎಲ್ಲೋ ಒಂದು ವಿಂಡೋಸ್ ಮೆಷೀನ್ ಬೇಕು.

ನಾನು ಕೇಳುವುದು ಇಷ್ಟೇ. ಪ್ರೋಗ್ರಾಂ ಮಾರಿದರೆ ಕೊಳ್ಳುತ್ತೇವೆ, ವಿಂಡೋಸ್‌ಗೆ ಇಟ್ಟ ಬೆಲೆಯನ್ನೇ ನಮಗೂ ಇಡಿ, ಒಂದು ರೂಪಾಯಿ ಕಮ್ಮಿ ಮಾಡುವುದು ಬೇಡ. ಅದಾಗಲ್ಲ ಅಂದರೆ ಡೇಟಾಬೇಸನ್ನಾದರೂ ಪಿಜಿಎನ್‌ನಲ್ಲಿ ಬೇರೆಯಾಗಿ ಮಾರಿ. ಅದೂ ಬೇಡವಾ, ಸಿಬಿಹೆಚ್‌ನ ರಚನೆ ಏನು ಅಂತ ಒಂದು ಹತ್ತು ಪುಟ ಬರೆದು ಹಾಕಿ. ಮಿಕ್ಕಿದ್ದನ್ನು ಸ್ಕಿಡ್ ಬರೆಯುವವರು ನೋಡಿಕೊಳ್ಳುತ್ತಾರೆ.