ಅವರಿಗೆ ಫೌಂಡೇಶನ್ ದುಡ್ಡು ಬಂದಿದೆಯಲ್ಲ, ನಾವ್ಯಾಕೆ ಕೊಡಬೇಕು?

ತುಂಬಾ ಬೇಜಾರಾಗಿದೆ, ಅದಕ್ಕೇ ಬರೆಯುತ್ತಿದ್ದೇನೆ. ನಮ್ಮ ಹಾಸ್ಟೆಲ್ ಮಕ್ಕಳ ಅಕ್ಕಿಗೆ ಅಂತ ಪ್ರತಿ ವರ್ಷ ದುಡ್ಡು ಕೊಡುವ ಹಿರಿಯರೊಬ್ಬರು ಇವತ್ತು ಬಂದಿದ್ದರು. ಕಂಪ್ಯೂಟರ್ ಕೋಣೆಯ ಬಾಗಿಲ ಮೇಲಿನ ಫೌಂಡೇಶನ್ ಬೋರ್ಡ್ ಓದಿದರು. ಅರ್ಧ ಹೊರಗೆ ತೆಗೆದಿದ್ದ ಚೆಕ್ ಬುಕ್ ಮತ್ತೆ ಜೇಬಿಗೆ ಹೋಯಿತು. "ಬಿಡಮ್ಮ, ದೊಡ್ಡವರೇ ಕೈ ಹಿಡಿದಿದ್ದಾರೆ. ಇನ್ನು ನಮ್ಮದು ಯಾವ ಲೆಕ್ಕ?" ಅಂದರು.

ಅವರ ಮೇಲೆ ಸಿಟ್ಟಿಲ್ಲ. ಆ ಮಾತಿನ ಮೇಲೆ ಸಿಟ್ಟಿದೆ. ಆ ಫೌಂಡೇಶನ್ನಿನ ಗ್ರಾಂಟ್ (ಅನುದಾನ) ಬಂದಾಗಿನಿಂದ ಎಲ್ಲರ ಬಾಯಲ್ಲೂ ಅದೇ ಮಾತು.

ಬಂದಿರುವ ದುಡ್ಡು ಕಂಪ್ಯೂಟರಿಗೆ. ಬಜೆಟ್ಟಿನಲ್ಲಿ ಬರೆದದ್ದು ಬಿಟ್ಟು ಬೇರೆ ಯಾವುದಕ್ಕೂ ಒಂದು ರೂಪಾಯಿ ಮುಟ್ಟುವ ಹಾಗಿಲ್ಲ. ಬಿಲ್ಲು, ಫೋಟೊ, ದುಡ್ಡು ಹೇಳಿದ್ದಕ್ಕೇ ಬಳಸಿದ್ದೇವೆ ಅನ್ನುವ ಯುಟಿಲೈಸೇಶನ್ ಸರ್ಟಿಫಿಕೇಟ್ ಎಲ್ಲಾ ಕೊಡಬೇಕು. ಆ ಕಂಪ್ಯೂಟರ್‌ಗಳ ಕರೆಂಟ್ ಬಿಲ್ ನಮ್ಮದೇ. ಅಡುಗೆಯಮ್ಮನ ಸಂಬಳ, ಗ್ಯಾಸ್ ಸಿಲಿಂಡರ್, ರಾತ್ರಿ ಜ್ವರ ಬಂದ ಮಗುವನ್ನು ಆಸ್ಪತ್ರೆಗೆ ಕರೆದೊಯ್ಯುವ ಆಟೋ, ಇದಕ್ಕೆಲ್ಲ ನಾವು ತುಂಬಿದ ಫಾರಂನಲ್ಲಿ ಕಾಲಂ ಕೂಡ ಇರಲಿಲ್ಲ.

ದೊಡ್ಡ ಕಂಪನಿಗಳು ಸರಾಸರಿ ನಿವ್ವಳ ಲಾಭದ ಶೇ. 2ರಷ್ಟನ್ನು ಸಿಎಸ್‌ಆರ್‌ಗೆ, ಅಂದರೆ ಸಮಾಜದ ಕೆಲಸಗಳಿಗೆ, ಖರ್ಚು ಮಾಡಬೇಕು ಅಂತ 2014ರ ಏಪ್ರಿಲ್‌ನಲ್ಲಿ ಕಾನೂನು ಜಾರಿಯಾಯಿತು. ಈಗ ಮನೆಮನೆಗೆ ಹೋಗಿ ಕೇಳಿದರೂ "ಕಂಪನಿಗಳಿವೆಯಲ್ಲ" ಅನ್ನುತ್ತಾರೆ.

ಏನೂ ಸಿಗದ ಸಂಸ್ಥೆಗೆ ಕೊಡೋಣ ಅಂತೀರಾ? ಖಂಡಿತ ಕೊಡಿ, ಸಂತೋಷ. ಆದರೆ ನಮಗೆ ನಿಲ್ಲಿಸಿದವರಲ್ಲಿ ಬೇರೆ ಕಡೆ ಕೊಟ್ಟವರು ಒಬ್ಬರೂ ನನ್ನ ಕಣ್ಣಿಗೆ ಬಿದ್ದಿಲ್ಲ.

ಸಂಸ್ಥೆಯವರದ್ದೂ ತಪ್ಪಿದೆ. ಜೇಮ್ಸ್ ಆಂಡ್ರಿಯೋನಿ, ಅಬಿಗೇಲ್ ಪೇನ್ ಎಂಬ ಅರ್ಥಶಾಸ್ತ್ರಜ್ಞರು ಅಮೆರಿಕದಲ್ಲಿ ಸರ್ಕಾರಿ ಅನುದಾನ ಪಡೆದ ಸಂಸ್ಥೆಗಳ ಲೆಕ್ಕ ನೋಡಿದ್ದರು. ಜನರ ದೇಣಿಗೆ ಇಳಿದಿತ್ತು. ಮುಖ್ಯ ಕಾರಣ ಜನರ ಜಿಪುಣತನ ಅಲ್ಲ. ಅನುದಾನ ಬಂದ ಮೇಲೆ ಸಂಸ್ಥೆಗಳೇ ಕೇಳುವುದನ್ನು ಕಡಿಮೆ ಮಾಡಿದ್ದವು!

ದೊಡ್ಡ ದುಡ್ಡು ಸಣ್ಣ ದುಡ್ಡನ್ನು ಓಡಿಸಲೇಬೇಕು ಅಂತೇನಿಲ್ಲ, ಕರೆದುಕೊಂಡೂ ಬರುತ್ತದೆ. ಉರಿ ಗ್ನೀಜಿ ಎಂಬ ಅರ್ಥಶಾಸ್ತ್ರಜ್ಞ ಮತ್ತು ಸಂಗಡಿಗರ ಪ್ರಯೋಗವೊಂದು 2014ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂತು. 40,000 ಜನರನ್ನು ಗುಂಪು ಮಾಡಿ ದೇಣಿಗೆ ಕೇಳಿ ಪತ್ರ ಬರೆದರು. ಸುಮ್ನೆ ಕೇಳಿದ ಗುಂಪಿನಿಂದ ಬಂದದ್ದು ಸುಮಾರು 8,000 ಡಾಲರ್. ದೊಡ್ಡ ದಾನಿಯೊಬ್ಬರು ಆಗಲೇ ಕೊಟ್ಟಿದ್ದಾರೆ ಅಂತ ತಿಳಿಸಿದ ಗುಂಪಿನಿಂದ 13,000. "ಆಡಳಿತದ ಖರ್ಚು ಅವರೇ ಕೊಟ್ಟಿದ್ದಾರೆ, ನಿಮ್ಮ ದುಡ್ಡು ಪೂರ್ತಿ ಕೆಲಸಕ್ಕೇ" ಅಂದಾಗ 23,000 ದಾಟಿತು.

ನೋಡಿದಿರಾ? ದೊಡ್ಡವರು ಯಾವ ಖರ್ಚು ವಹಿಸಿಕೊಳ್ಳುತ್ತಾರೆ, ಅದನ್ನು ಜನರಿಗೆ ಹೇಗೆ ಹೇಳುತ್ತಾರೆ ಅನ್ನುವುದರ ಮೇಲೆ ಎಲ್ಲಾ ನಿಂತಿದೆ. ಫೌಂಡೇಶನ್ನುಗಳಲ್ಲಿ ಕೆಲಸ ಮಾಡುವ ಗೆಳೆಯರೇ, ಮುಂದಿನ ಸಲ ಸಂಬಳ, ಕರೆಂಟ್ ಬಿಲ್ಲನ್ನೂ ಬಜೆಟ್ಟಿಗೆ ಸೇರಿಸಿ. ಬೋರ್ಡಿನ ಮೇಲೆ ಅದನ್ನೇ ದೊಡ್ಡ ಅಕ್ಷರದಲ್ಲಿ ಬರೆಸಿ. ಅಕ್ಕಿ, ಬೇಳೆ ನಾವು ಊರವರನ್ನೇ ಕೇಳಿ ಹೊಂದಿಸಿಕೊಳ್ಳುತ್ತೇವೆ.